ಹಳೇ ಟಿವಿ ಗೇಮಿನ ಮೇಲಿನ ದೂರುಗಳಿಗೆ ಮಮದಾಪುರದಿಂದ ಜವಾಬು

ನಲವತ್ತು ದಾಟಿದ ಮನುಷ್ಯನೊಬ್ಬ ಡಬ್ಬಾ ಟಿವಿಯ ಮುಂದೆ ಕುಳಿತು ಮಾರಿಯೋ ಆಡುತ್ತಾನೆ ಎಂಬ ಸುದ್ದಿ ಮಮದಾಪುರದಂಥ ಊರಿನಲ್ಲಿ ಮುಚ್ಚಿಡಲು ಬರುವಂಥದ್ದಲ್ಲ. ಕೆರೆ ಏರಿಯ ಮೇಲೆ ಅಡ್ಡಾಡಲು ಹೋದರೂ, ಬಬಲೇಶ್ವರದ ಬಸ್ಸಿನಲ್ಲಿ ಕುಳಿತರೂ, ಬೀಗರ ಮನೆಯ ಊಟದ ಪಂಕ್ತಿಯಲ್ಲೂ ಯಾರಾದರೊಬ್ಬರು ವಿಷಯ ಎತ್ತಿಯೇ ಎತ್ತುತ್ತಾರೆ. ಅವರಲ್ಲಿ ನಿವೃತ್ತ ಮಾಸ್ತರರಿದ್ದಾರೆ, ನನ್ನ ಸೋದರಳಿಯನಿದ್ದಾನೆ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ದೋಸ್ತನಿದ್ದಾನೆ, ಹೊಸದು ಯಾವುದಕ್ಕೂ ಸೈ ಎನ್ನದ ಒಬ್ಬ ಕಾಕಾ ಇದ್ದಾರೆ. ಒಬ್ಬೊಬ್ಬರದು ಒಂದೊಂದು ದೂರು, ಒಬ್ಬರ ದೂರಿಗೂ ಇನ್ನೊಬ್ಬರ ದೂರಿಗೂ ತಾಳೆಯಿಲ್ಲ. ಬಿಡಿಬಿಡಿಯಾಗಿ ಉತ್ತರ ಕೊಟ್ಟು ಸಾಕಾಗಿದೆ. ಒಮ್ಮೆ ಬರೆದಿಟ್ಟರೆ ಮುಂದಿನ ಸಲ ತೋರಿಸಲಾದರೂ ಬರುತ್ತದೆ.

ಯಾವ ಗೇಮಿನ ಮಾತು ಎಂಬುದು ಮೊದಲು ಸ್ಪಷ್ಟವಾಗಲಿ. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಫ್ಯಾಮಿಕಾಮ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ನಕಲುಗಳು ತೈವಾನ್, ಚೀನಾಗಳಲ್ಲಿ ತಯಾರಾಗಿ ಮುಂದಿನ ದಶಕದಲ್ಲಿ ನಮ್ಮ ಕಡೆಗೂ ಬಂದವು. ಆಗಿನ್ನೂ ಬಿಜಾಪುರ ಎಂದೇ ಕರೆಸಿಕೊಳ್ಳುತ್ತಿದ್ದ ವಿಜಯಪುರದ ಅಂಗಡಿಗಳಲ್ಲಿ, ಸೊಲ್ಲಾಪುರದ ಪೇಟೆಯಲ್ಲಿ ಅವು ಸಿಗುತ್ತಿದ್ದವು. ಪೆಟ್ಟಿಗೆಯ ಮೇಲೆ ಏನು ಹೆಸರು ಅಚ್ಚಾಗಿದ್ದರೂ ನಮಗೆ ಅದು ಟಿವಿ ಗೇಮ್, ಅದರೊಳಗೆ ಸಿಕ್ಕಿಸುವುದು ಕ್ಯಾಸೆಟ್, ಕೈಯಲ್ಲಿ ಹಿಡಿಯುವುದು ರಿಮೋಟ್. ಮಾರಿಯೋ, ಕಾಂಟ್ರಾ, ಬಾಂಬರ್‌ಮ್ಯಾನ್, ಸರ್ಕಸ್ ಚಾರ್ಲಿ, ಟ್ಯಾಂಕ್ ಆಟ, ಬಾತುಕೋಳಿ ಹೊಡೆಯುವ ಆಟ. ಇವುಗಳನ್ನು ನಾನು ಈಗಲೂ ಆಡುತ್ತೇನೆ, ಮನೆಗೆ ಬಂದ ಹುಡುಗರಿಗೂ ಹಚ್ಚಿಕೊಡುತ್ತೇನೆ. ತಕರಾರು ಇರುವುದು ಇದರ ಮೇಲೆ.

ಮಾಸ್ತರರ ದೂರು ಎಲ್ಲಕ್ಕಿಂತ ಗಟ್ಟಿ, ಆದ್ದರಿಂದ ಅದನ್ನೇ ಮೊದಲು ಹಿಡಿಯುತ್ತೇನೆ. “ಏನಪಾ ತಮ್ಮಾ, ಚಟಕ್ಕ ಹಳೇದು ಹೊಸಾದು ಅಂತ ಇರ್ತೈತೇನು?” ಎನ್ನುವುದು ಅವರ ಪ್ರಶ್ನೆ. ಆನ್‌ಲೈನ್ ರಮ್ಮಿಯಲ್ಲಿ ಕಬ್ಬಿನ ಬಿಲ್ಲು ಕಳೆದುಕೊಂಡವರನ್ನು, ರಾತ್ರಿಯಿಡೀ ಮೊಬೈಲಿನಲ್ಲಿ ಗುಂಡು ಹಾರಿಸಿ ಬೆಳಿಗ್ಗೆ ಸಾಲಿಯಲ್ಲಿ ತೂಕಡಿಸುವ ಹುಡುಗರನ್ನು ಕಂಡು ನೊಂದವರು ಅವರು. ಅವರ ಭಯ ಸುಮ್ಮಸುಮ್ಮನೆ ಹುಟ್ಟಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿಕೊಂಡ ರೋಗಪಟ್ಟಿಯ ಹನ್ನೊಂದನೇ ಆವೃತ್ತಿಯಲ್ಲಿ ಗೇಮಿನ ಗೀಳಿಗೂ ಜಾಗವಿದೆ: ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸಕ್ಕಿಂತ ಅದೇ ಮುಂದಾಗುವುದು, ಹಾನಿ ಕಣ್ಣೆದುರಿಗಿದ್ದರೂ ಬಿಡಲಾಗದಿರುವುದು, ಇದು ಸಾಮಾನ್ಯವಾಗಿ ಒಂದು ವರ್ಷವಾದರೂ ನಡೆದಿರುವುದು. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೂ ಮೊದಲೇ, 2014ರಲ್ಲಿ, ಮೊಬೈಲು ಮತ್ತು ಇಂಟರ್ನೆಟ್ ಗೀಳಿಗೆಂದೇ ‘ಶಟ್’ ಕ್ಲಿನಿಕ್ ತೆರೆದಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಲ್ಲಿಸಲು ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗವನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಕೇಂದ್ರವೇ ಕಾನೂನು ಮಾಡಿತು. ಇಷ್ಟೆಲ್ಲ ಆಗಿರುವಾಗ ಮಾಸ್ತರರನ್ನು ನಾನು ಹಳೇ ಕಾಲದವರೆಂದು ಹೇಗೆ ತಳ್ಳಿಹಾಕಲಿ?

ಆದರೆ ಅವರೇ ಸಾಲಿಯಲ್ಲಿ ನಮಗೆ ಹೇಳಿಕೊಟ್ಟಿದ್ದು, ಬೇರೆ ಬೇರೆ ಜಾತಿಯ ಲೆಕ್ಕವನ್ನು ಒಂದೇ ಸೂತ್ರದಲ್ಲಿ ಬಿಡಿಸಬಾರದು ಅಂತ. ಮೊಬೈಲಿನ ಪುಕ್ಕಟೆ ಗೇಮನ್ನು ಮಾಡಿದವರ ಗಳಿಕೆ ನೀವು ಅದರೊಳಗೆ ಎಷ್ಟು ಹೊತ್ತು ಇರುತ್ತೀರಿ, ಎಷ್ಟು ಸಲ ಮರಳಿ ಬರುತ್ತೀರಿ ಎಂಬುದರ ಮೇಲೆ ನಿಂತಿದೆ. ಅದಕ್ಕೇ ದಿನಾ ಬಂದರೆ ಬಹುಮಾನ, ಬರದಿದ್ದರೆ ಗಂಟೆ ಬಾರಿಸಿ ಕರೆಯುವುದು, ನಾಲ್ಕು ತಾಸು ಕಾಯಿ, ಇಲ್ಲವೇ ರೊಕ್ಕ ಕೊಡು ಎನ್ನುವುದು, ಒಳಗೆ ಏನಿದೆಯೆಂದು ತಿಳಿಯದ ಪೆಟ್ಟಿಗೆ ಮಾರುವುದು. ಆ ಆಟಕ್ಕೆ ಕೊನೆಯೇ ಇಲ್ಲ, ಏಕೆಂದರೆ ಕೊನೆ ಬಂದರೆ ವ್ಯಾಪಾರ ನಿಲ್ಲುತ್ತದೆ. ಕ್ಯಾಸೆಟ್ಟಿಗೆ ನೀವು ಯಾರೆಂಬುದೇ ಗೊತ್ತಿಲ್ಲ. ಅದನ್ನು ಕೊಂಡ ದಿನವೇ ಕಂಪನಿಗೂ ನಿಮಗೂ ಲೆಕ್ಕ ಚುಕ್ತಾ. ಮೂರು ಜೀವ ಮುಗಿದರೆ ‘ಗೇಮ್ ಓವರ್’ ಎಂದು ತೋರಿಸಿ ಮೊದಲಿಗೆ ತಂದು ಬಿಡುತ್ತದೆ. ಆರು ತಿಂಗಳು ಕಪಾಟಿನಲ್ಲಿಟ್ಟರೂ ಅದು ನಿಮ್ಮನ್ನು ಒಮ್ಮೆಯೂ ಕೂಗುವುದಿಲ್ಲ.

ಇಲ್ಲಿ ಮಾಸ್ತರರ ಪರವಾಗಿ ನಾನೇ ಒಂದು ಮಾತು ಸೇರಿಸಬೇಕು, ಅವರಿಗೆ ಇದು ತಿಳಿದಿದ್ದರೆ ಖಂಡಿತ ಎತ್ತುತ್ತಿದ್ದರು. ಈ ಹಳೇ ಗೇಮುಗಳಲ್ಲಿ ಹಲವು ಮೂಲತಃ ನಾಣ್ಯ ಹಾಕಿ ಆಡುವ ಯಂತ್ರಗಳಿಗೆಂದು ಹುಟ್ಟಿದವು. 1979ರ ಗ್ಯಾಲಕ್ಸಿಯನ್, 1984ರ ರೋಡ್ ಫೈಟರ್, 1987ರ ಕಾಂಟ್ರಾ ಇವೆಲ್ಲ ಆಟಗಾರನನ್ನು ಬೇಗ ಸಾಯಿಸಿ ಇನ್ನೊಂದು ನಾಣ್ಯ ಕೀಳುವ ಲೆಕ್ಕಾಚಾರದಲ್ಲಿ ಕಟ್ಟಿದ ಆಟಗಳೇ. ದುರಾಸೆ ಮೊಬೈಲಿನಿಂದ ಶುರುವಾಗಿದ್ದಲ್ಲ. ಮನೆಗೆ ಬಂದಾಗ ಮಾತ್ರ ಆ ನಾಣ್ಯದ ಬಾಯಿ ಮುಚ್ಚಿತು, ಉಳಿದದ್ದು ಬರೇ ಕಷ್ಟದ ಆಟ. ಕಾಂಟ್ರಾ ಮಾಡಿದ ಕೊನಾಮಿ ಕಂಪನಿಯವರೇ ಮನೆಯ ಆವೃತ್ತಿಯಲ್ಲಿ ಮೂವತ್ತು ಜೀವ ಕೊಡುವ ಗುಪ್ತ ಕೀಲಿಯನ್ನೂ ಇಟ್ಟರು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಆ ಕೀಲಿ ಮೊದಲು ಬಂದದ್ದು ಗ್ರೇಡಿಯಸ್ ಎಂಬ ಆಟದಲ್ಲಿ. ಅದನ್ನು ಸೇರಿಸಿದ ಕಜುಹಿಸಾ ಹಶಿಮೊಟೊ 2020ರಲ್ಲಿ ತೀರಿಕೊಂಡರು. ಇವತ್ತಿನ ಮೊಬೈಲ್ ಕಂಪನಿ ಆ ಮೂವತ್ತು ಜೀವಕ್ಕೆ ಮೂವತ್ತು ಸಲ ರೊಕ್ಕ ಕೇಳುತ್ತಿತ್ತು.

ಹುಡುಗರನ್ನು ಯಾವುದರ ಮುಂದೆಯೂ ಹೊತ್ತುಗೊತ್ತಿಲ್ಲದೆ ಕೂರಿಸಬಾರದು ಎಂಬ ಮಾತಿಗೆ ನನ್ನ ಒಪ್ಪಿಗೆಯಿದೆ. ಟಿವಿ ಗೇಮೂ ಅದಕ್ಕೆ ಹೊರತಲ್ಲ. ಎಲ್ಲ ಆಟವೂ ಒಂದೇ ಚಟ ಎಂಬ ಮಾತನ್ನು ಮಾತ್ರ ಒಪ್ಪಲಾರೆ.

ಇನ್ನು ಅಳಿಯನ ದೂರು. “ಮಾಮಾ, ಇದರಾಗ ಏನ್ ಕಾಣಸ್ತೈತಿ? ಬರೇ ಚೌಕ ಚೌಕ.” ಅವನ ಕೈಯಲ್ಲಿರುವ ಫೋನಿನಲ್ಲಿ ಮಳೆಹನಿ ಬಿದ್ದ ರಸ್ತೆ ಹೊಳೆಯುತ್ತದೆ, ಕುದುರೆಯ ಮೈಮೇಲಿನ ಕೂದಲು ಅಲುಗುತ್ತದೆ. ಇಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 240 ಚುಕ್ಕಿ. ಕಣ್ಣಿಗೆ ಬಡಿಯುವ ಚೆಂದ ಬೇಕಾದರೆ ಅವನ ಫೋನೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಚೌಕಗಳನ್ನು ಕೂರಿಸಿದ ಕೈಯ ಜಾಣತನ ನೋಡಲು ಸ್ವಲ್ಪ ಹತ್ತಿರ ಹೋಗಬೇಕು.

1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟ, ಮೂವತ್ತೆರಡು ಹಂತಗಳೂ ಹಾಡೂ ಸದ್ದೂ ಸೇರಿ, 40 ಕಿಲೋಬೈಟ್. ನನ್ನ ಅಳಿಯ ಊಟದ ತಟ್ಟೆಯ ಒಂದು ಫೋಟೋ ತೆಗೆದರೆ ಅದರ ಎಷ್ಟೋ ಪಟ್ಟು ಜಾಗ ತಿನ್ನುತ್ತದೆ. ಅಷ್ಟು ಇಕ್ಕಟ್ಟಿನಲ್ಲಿ ಕೆಲಸ ಮಾಡಿದವರು ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ ಬಳಸಿದ್ದಾರೆ, ಬಣ್ಣ ಮಾತ್ರ ಬೇರೆ. ಬೆಳ್ಳಗಿದ್ದರೆ ಮೋಡ, ಹಸಿರಾಗಿದ್ದರೆ ಪೊದೆ. ಹೇಳಿದ ಮೇಲೆ ಅಳಿಯ ಟಿವಿಗೆ ಮೂಗು ತಾಗಿಸಿ ನೋಡಿ “ಹೌದಲ್ಲೋ!” ಎಂದು ಚೀರಿದ. ಮೊದಲ ಹಂತದ ಮೊದಲ ಪರದೆಯನ್ನೇ ತೆಗೆದುಕೊಳ್ಳಿ. ಬಲಗಡೆಯಿಂದ ಸಿಡುಕು ಮೋರೆಯ ಒಂದು ಪ್ರಾಣಿ ನಡೆದು ಬರುತ್ತದೆ. ಹಾರದಿದ್ದರೆ ಸತ್ತಿರಿ, ಅಂದರೆ ಹಾರುವುದನ್ನು ಕಲಿತಿರಿ. ತಲೆಯ ಮೇಲೆ ಪ್ರಶ್ನೆ ಗುರುತಿನ ಪೆಟ್ಟಿಗೆ. ಹಾರುವ ಭರದಲ್ಲಿ ಅದಕ್ಕೆ ತಲೆ ಬಡಿಯುತ್ತದೆ, ಒಳಗಿಂದ ಅಣಬೆ ಹೊರಬರುತ್ತದೆ. ಅದು ಬಲಕ್ಕೆ ಜಾರಿ, ಮುಂದಿನ ಕೊಳವೆಗೆ ಬಡಿದು, ನಿಮ್ಮ ಕಡೆಗೇ ತಿರುಗಿ ಬರುತ್ತದೆ. ಮೊದಲ ಪ್ರಾಣಿಯನ್ನು ಕಂಡು ಹೆದರಿದವ ಇದಕ್ಕೂ ಹೆದರಿ ಹಾರಲು ನೋಡುತ್ತಾನೆ, ಮೇಲೆ ಇಟ್ಟಿಗೆಯ ಸಾಲು ತಲೆಗೆ ತಾಗಿ ಮತ್ತೆ ಅಣಬೆಯ ಮೇಲೆಯೇ ಬೀಳುತ್ತಾನೆ. ನೋಡಿದರೆ ಸಾಯುವ ಬದಲು ದೊಡ್ಡವನಾಗಿದ್ದಾನೆ! ಒಂದಕ್ಷರದ ವಿವರಣೆಯಿಲ್ಲದೆ, ಅರ್ಧ ನಿಮಿಷದಲ್ಲಿ, ಆಟದ ಅರ್ಧ ಕಾನೂನು ಕಲಿಸಿಬಿಟ್ಟರು. ಇದನ್ನು ಕಟ್ಟಿದ ಶಿಗೆರು ಮಿಯಾಮೊಟೊ ಆಮೇಲೆ ಸಂದರ್ಶನಗಳಲ್ಲಿ ಈ ಲೆಕ್ಕವನ್ನು ವಿವರಿಸಿದ್ದಾರೆ. ಅವರು ಹೇಳುವ ಮೊದಲೇ ನಮ್ಮೂರ ಹುಡುಗರ ಹೆಬ್ಬೆರಳಿಗೆ ಅದು ಗೊತ್ತಿತ್ತು.

ಇದೇ ಉತ್ತರ ಇನ್ನೊಂದು ದೂರಿಗೂ ಸಲ್ಲುತ್ತದೆ: ಇವು ಪರದೇಶದ ಆಟ, ಇಂಗ್ಲಿಷಿನವು, ಕನ್ನಡದ ಮಕ್ಕಳಿಗೆ ಇವುಗಳಿಂದ ಏನು? ಇಂಗ್ಲಿಷ್ ಬಾರದ ಮಕ್ಕಳು ಒಬ್ಬರ ಸಹಾಯವೂ ಇಲ್ಲದೆ ಆಡಿದ್ದು ಇವುಗಳನ್ನೇ. ಈಗಿನ ಗೇಮಿನಲ್ಲಿ ಆಟ ಶುರುವಾಗುವ ಮೊದಲು ಓದಬೇಕಾದ ಇಂಗ್ಲಿಷು ನಮ್ಮ ಕಾಲದ ಏಳನೆಯ ಇಯತ್ತೆಯ ಪಠ್ಯಕ್ಕಿಂತ ಹೆಚ್ಚು.

ಬೆಂಗಳೂರಿನ ದೋಸ್ತನದು ಮನಶ್ಶಾಸ್ತ್ರದ ದೂರು. ನಿನಗೆ ಆಟ ಇಷ್ಟವಿಲ್ಲ, ನಿನ್ನ ಹದಿಮೂರನೇ ವಯಸ್ಸು ಇಷ್ಟ, ಇದು ಬರೇ ಹಳೇ ನೆನಪಿನ ಹುಚ್ಚು ಎನ್ನುತ್ತಾನೆ. ಈ ಮಾತು ಕೇಳಲು ಜೋರಾಗಿದೆ, ಪರೀಕ್ಷೆಗೆ ಒಡ್ಡುವುದೂ ಸುಲಭ. ನೆನಪೇ ಕಾರಣವಾದರೆ ಆ ನೆನಪು ಇಲ್ಲದವರಿಗೆ ಈ ಆಟ ರುಚಿಸಬಾರದು. 2023ರ ಡಿಸೆಂಬರಿನಲ್ಲಿ ಅಮೆರಿಕದ ಒಕ್ಲಹೋಮಾದ ಹದಿಮೂರು ವರ್ಷದ ಹುಡುಗನೊಬ್ಬ ನಿಂಟೆಂಡೊದ ಟೆಟ್ರಿಸ್ ಅನ್ನು 157ನೇ ಹಂತದವರೆಗೆ ಆಡಿ, ಯಂತ್ರವೇ ಸ್ತಬ್ಧವಾಗುವಂತೆ ಮಾಡಿದ. ಆ ಕ್ಯಾಸೆಟ್ 1989ರದು, ಆ ಹುಡುಗ ಹುಟ್ಟುವ ಹೊತ್ತಿಗೆ ಆಟಕ್ಕೆ ಇಪ್ಪತ್ತು ದಾಟಿತ್ತು. ಅಲ್ಲಿಯವರೆಗೆ ಮನುಷ್ಯರಾರೂ ಆ ಸ್ಥಿತಿ ಮುಟ್ಟಿರಲಿಲ್ಲ. 29ನೇ ಹಂತಕ್ಕೆ ತುಂಡುಗಳು ಬೀಳುವ ವೇಗ ಎಷ್ಟೆಂದರೆ ಅದೇ ಆಟದ ಕೊನೆ ಎಂದು ಬಹುಕಾಲ ಎಲ್ಲರೂ ನಂಬಿದ್ದರು. ಇತ್ತೀಚಿನ ವರ್ಷಗಳಲ್ಲಿ ಹುಡುಗರು ಹೊಸದೊಂದು ಕೈಚಳಕ ಕಂಡುಹಿಡಿದರು: ಮೇಲೆ ಒಂದು ಬೆರಳು ಗುಂಡಿಯ ಮೇಲೆ ಹಗುರಾಗಿ ಇರುತ್ತದೆ, ಇನ್ನೊಂದು ಕೈಯ ಬೆರಳುಗಳು ರಿಮೋಟಿನ ಬೆನ್ನನ್ನು ತಬಲಾ ನುಡಿಸಿದಂತೆ ಸಾಲಾಗಿ ತಟ್ಟುತ್ತವೆ, ಗುಂಡಿ ತಾನೇ ಬೆರಳಿಗೆ ಬಂದು ಒತ್ತಿಕೊಳ್ಳುತ್ತದೆ. ಮೂವತ್ತು ವರ್ಷ ಹಳೆಯ ಆಟದಲ್ಲಿ ಇನ್ನೂ ಯಾರಿಗೂ ಹೊಳೆಯದ ಚಾಲಾಕಿ ಬಾಕಿ ಇತ್ತು ಅಂದಮೇಲೆ ಅದನ್ನು ನೆನಪಿನ ಹುಚ್ಚು ಎಂದು ಕಟ್ಟಿಹಾಕುವುದು ಹೇಗೆ? ಗೋಳಗುಮ್ಮಟವನ್ನು ನೋಡಲು ಬರುವವರು ಆದಿಲಶಾಹಿಯನ್ನು ನೆನಪಿಸಿಕೊಂಡು ಅಳಲು ಬರುತ್ತಾರೆಯೇ, ದೋಸ್ತ?

ನನಗೆ ನೆನಪಿಲ್ಲ ಎನ್ನುವುದಿಲ್ಲ. ಇದೆ. ಇದ್ದರೆ ತಪ್ಪೇನು ಎಂಬುದೂ ನನಗೆ ತಿಳಿಯದು. ಹಳೇ ಹಾಡು ಕೇಳುವವರನ್ನು ಯಾರೂ ಕಟಕಟೆಗೆ ಹತ್ತಿಸುವುದಿಲ್ಲ.

ಅವನ ಇನ್ನೊಂದು ಏಟು ನೇರ ಹೊಟ್ಟೆಗೆ ಬೀಳುವಂಥದ್ದು. “ನೀವೆಲ್ಲಾ ಕಳ್ಳ ಮಾಲಿನ ಮ್ಯಾಲ ಬೆಳದವರು. ಜಪಾನಿನವರ ದುಡಿಮಿಗೆ ಒಂದು ರೂಪಾಯಿ ಕೊಟ್ಟೀರೇನು?” ನಿಜ. 1990ರ ದಶಕದಲ್ಲಿ ನಮ್ಮ ಭಾಗದ ಅಂಗಡಿಯಲ್ಲಿ ಅಸಲಿ ನಿಂಟೆಂಡೊ ಕಣ್ಣಿಗೂ ಬೀಳುತ್ತಿರಲಿಲ್ಲ. ಬಂದದ್ದೆಲ್ಲ ನಕಲು, ಅದರ ಮೇಲಿನ ಸುಳ್ಳಿಗಂತೂ ಮಿತಿಯಿರಲಿಲ್ಲ. ಕ್ಯಾಸೆಟ್ಟಿನ ಮೇಲೆ 9999999 ಆಟ ಎಂದು ಒಂಬತ್ತರ ಸಾಲು ಅಚ್ಚಾಗಿರುತ್ತಿತ್ತು. ಪಟ್ಟಿಯನ್ನು ಕೆಳಗೆ ಜಗ್ಗುತ್ತ ಹೋದರೆ ಅವೇ ಕೆಲವು ಆಟ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು, ಒಂದರಲ್ಲಿ ಮೂರನೇ ಹಂತದಿಂದ ಶುರು, ಇನ್ನೊಂದರಲ್ಲಿ ಐದನೇ ಹಂತದಿಂದ. ಇಷ್ಟು ದೊಡ್ಡ ಸುಳ್ಳನ್ನು ಅಷ್ಟು ಸಣ್ಣ ಲೇಬಲ್ಲಿನಲ್ಲಿ ಹಿಡಿಸಿದವರು ರಾಜಕಾರಣಕ್ಕೆ ಹೋಗಬೇಕಿತ್ತು.

ಆದರೆ ಇವತ್ತಿನ ಪರಿಸ್ಥಿತಿಯನ್ನೂ ನೋಡಬೇಕಲ್ಲ. ಆ ಯಂತ್ರದ ಪೇಟೆಂಟುಗಳ ಅವಧಿ ಎಂದೋ ಮುಗಿದಿದೆ, ಆಟಗಳ ಹಕ್ಕು ಕಂಪನಿಗಳ ಕೈಯಲ್ಲೇ ಇದೆ. ಹಕ್ಕು ಇಟ್ಟುಕೊಂಡವರು ಮಾರಿದರೆ ಕೊಳ್ಳಬಹುದು, ಹೆಚ್ಚಿನವನ್ನು ಮಾರುವುದೇ ಇಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿ ಹೇಳಿದ್ದು, ಆ ದೇಶದಲ್ಲಿ 2010ಕ್ಕಿಂತ ಮೊದಲು ಬಂದ ಗೇಮುಗಳಲ್ಲಿ ನೂರಕ್ಕೆ 87 ಇವತ್ತು ಮಾರಾಟಕ್ಕೇ ಇಲ್ಲ ಅಂತ. ಗ್ರಂಥಾಲಯಗಳು ಅಂಥ ಗೇಮುಗಳನ್ನು ಸಂಶೋಧಕರಿಗೆ ದೂರದಿಂದ ಆಡಲು ಕೊಡುತ್ತೇವೆ ಎಂದು ಕೇಳಿದರೆ ಅಲ್ಲಿನ ಕಾಪಿರೈಟ್ ಕಚೇರಿ 2024ರ ಅಕ್ಟೋಬರಿನಲ್ಲಿ ಬೇಡ ಎಂದಿತು. ಮಾರುವುದೂ ಇಲ್ಲ, ಕಾಪಾಡಲು ಬಿಡುವುದೂ ಇಲ್ಲ. ಮಾಡಿದವರಿಗೆ ಹಣ ಸಲ್ಲಬೇಕು ಎಂಬ ಮಾತಿಗೆ ನಾನು ಬದ್ಧ, ಸಿಗುವುದನ್ನು ಕೊಂಡೇ ಆಡಬೇಕು. ಸಿಗದಿರುವುದನ್ನು ಉಳಿಸಿಕೊಂಡವರಲ್ಲಿ ಕಪಾಟಿನಲ್ಲಿ ನಕಲಿ ಕ್ಯಾಸೆಟ್ ಇಟ್ಟುಕೊಂಡ ನಮ್ಮಂಥವರೂ ಇದ್ದಾರೆ ಎಂಬುದನ್ನು ದೋಸ್ತ ತನ್ನ ಲೆಕ್ಕದಲ್ಲಿ ಬರೆದುಕೊಳ್ಳಲಿ.

ಕಾಕಾನ ದೂರಿಗೆ ಬರೋಣ. ಲಗೋರಿ, ಚಿಣ್ಣಿ ಕೋಲು, ಗೋಲಿ, ಬುಗುರಿ, ಚೌಕಾಬಾರ ಎಲ್ಲ ಹಾಳಾಗಿದ್ದು ಈ ಡಬ್ಬಿಯಿಂದ ಎನ್ನುತ್ತಾರೆ. ಕಾಕಾ, ಆಗ ಊರಲ್ಲಿ ಈ ಡಬ್ಬಿ ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಆಡಲು ಬರುತ್ತಿದ್ದದ್ದು ಏಪ್ರಿಲ್, ಮೇ ತಿಂಗಳ ನಡುಮಧ್ಯಾಹ್ನ. ನಲವತ್ತು ಡಿಗ್ರಿ ದಾಟಿದ ಬಿಸಿಲಲ್ಲಿ ನೀವೇ ಯಾರನ್ನೂ ಅಂಗಳಕ್ಕೆ ಬಿಡುತ್ತಿರಲಿಲ್ಲ. ಅದೂ ಕರೆಂಟ್ ಇದ್ದರೆ. ಆಟ ಅರ್ಧಕ್ಕೆ ಬಂದಾಗ ಲೈಟು ಹೋದರೆ ಎಲ್ಲ ಹಂತವೂ ಮಣ್ಣುಪಾಲು, ಉಳಿಸಿಕೊಳ್ಳುವ ವ್ಯವಸ್ಥೆ ಅದರಲ್ಲಿ ಇರಲಿಲ್ಲ. ಬಿಸಿಲು ಇಳಿದ ಮೇಲೆ ಅದೇ ಹುಡುಗರು ಲಗೋರಿಗೆ ಕಲ್ಲು ಜೋಡಿಸುತ್ತಿದ್ದರು. ಬಯಲು ಹೋದದ್ದು ಮನೆ, ಅಂಗಡಿ, ಗೊಬ್ಬರದ ಗುಂಡಿ, ಟ್ರ್ಯಾಕ್ಟರುಗಳಿಗೆ. ಸಂಜೆ ಹೋದದ್ದು ಟ್ಯೂಷನ್ನಿಗೆ. ಈ ಎರಡೂ ಅಪವಾದವನ್ನು ಒಂದು ಪ್ಲಾಸ್ಟಿಕ್ ಡಬ್ಬಿಯ ಮೇಲೆ ಹೊರಿಸಿದರೆ ಹೇಗೆ? ತಮಾಷೆಯೆಂದರೆ 2009ರಲ್ಲಿ ಹೈದರಾಬಾದಿನ ಗೇಮ್‌ಶಾಸ್ತ್ರ ಎಂಬ ಕಂಪನಿ ಪ್ಲೇಸ್ಟೇಷನ್ 2ಕ್ಕೆ ‘ದೇಸಿ ಅಡ್ಡಾ’ ಎಂಬ ಗೇಮನ್ನೇ ಮಾಡಿತು. ಅದರಲ್ಲಿ ಗಿಲ್ಲಿ ದಾಂಡು, ಕಬಡ್ಡಿ, ಗಾಳಿಪಟ ಎಲ್ಲ ಇತ್ತು. ಚೌಕಾಬಾರದ ವಿಷಯಕ್ಕೆ ಬಂದರೆ, ಕವಡೆ ತೆಗೆದುಕೊಂಡು ಬನ್ನಿ ಕಾಕಾ, ನಾನು ತಯಾರಿದ್ದೇನೆ. ಕರೆದಾಗೆಲ್ಲ ನೀವೇ ಟಿವಿಯಲ್ಲಿ ಧಾರಾವಾಹಿ ಶುರುವಾಯಿತೆಂದು ಎದ್ದು ಹೋಗುತ್ತೀರಿ.

ಹಳ್ಳಿಯ ಆಟದ ಗುಣ ಯಾವುದು ಎಂದು ಕೇಳಿದರೆ ಕಾಕಾ ಹೇಳುವುದು, ನಾಲ್ಕು ಮಂದಿ ಕೂಡಿ ಆಡುವುದು, ಜಗಳವಾಡುವುದು, ಮತ್ತೆ ಕೂಡುವುದು. ಸರಿ, ಟ್ಯಾಂಕ್ ಆಟದ ಕಥೆ ಕೇಳಿ. ಅದರ ನಿಜವಾದ ಹೆಸರು ಬ್ಯಾಟಲ್ ಸಿಟಿ, ನಾಮ್ಕೊ ಕಂಪನಿ 1985ರಲ್ಲಿ ಮಾಡಿದ್ದು. ಪರದೆಯ ತಳದಲ್ಲಿ ಇಟ್ಟಿಗೆ ಗೋಡೆಯೊಳಗೆ ಒಂದು ಹದ್ದು. ವೈರಿ ಟ್ಯಾಂಕುಗಳು ಒಂದೊಂದು ಹಂತಕ್ಕೆ ಇಪ್ಪತ್ತು, ಅವು ಹದ್ದನ್ನು ಹೊಡೆಯದಂತೆ ಇಬ್ಬರು ಕೂಡಿ ಕಾಯಬೇಕು. ಒಬ್ಬನ ಗುಂಡು ಜೊತೆಗಾರನಿಗೆ ತಾಗಿದರೆ ಅವನು ಸಾಯುವುದಿಲ್ಲ, ಸ್ವಲ್ಪ ಹೊತ್ತು ಕಲ್ಲಾಗಿ ನಿಲ್ಲುತ್ತಾನೆ. ಈ ಒಂದೇ ಕಾನೂನಿನಿಂದ ಹುಟ್ಟಿದ ಜಗಳ ನಮ್ಮ ಓಣಿಯಲ್ಲಿ ಲಗೋರಿಯಿಂದಲೂ ಹುಟ್ಟಿರಲಿಕ್ಕಿಲ್ಲ. ಬೇಕೆಂದೇ ಹೊಡೆದನೋ, ಕೈ ತಪ್ಪಿ ಹೊಡೆದನೋ? ಹಿಂದೆ ಕುಳಿತವರೆಲ್ಲ ಪಂಚರು. ರಿಮೋಟ್ ಎರಡು, ತಲೆ ಎಂಟು, ಸತ್ತವನು ರಿಮೋಟ್ ಕೊಟ್ಟು ಸಾಲಿನ ಕೊನೆಗೆ ಹೋಗಿ ಕೂರಬೇಕು. ಈ ಕಾನೂನನ್ನು ಯಾವ ಕಂಪನಿಯೂ ಬರೆದುಕೊಟ್ಟಿರಲಿಲ್ಲ. ಕಾಂಟ್ರಾದ ಜಲಪಾತದ ಹಂತದಲ್ಲಿ ಮುಂದಿನವನು ಸರಸರ ಮೇಲೆ ಹತ್ತಿದರೆ ಪರದೆ ಅವನ ಜೊತೆ ಮೇಲೇರಿ, ಹಿಂದೆ ಉಳಿದವನು ಕೆಳಗೆ ಕಾಣೆಯಾಗಿ ಸಾಯುತ್ತಾನೆ. ಜೊತೆಗಾರನಿಗಾಗಿ ಕಾಯದ ಹುಡುಗ ಯಾರು ಎಂಬುದು ಆ ಹಂತದಲ್ಲಿ ಇಡೀ ಓಣಿಗೆ ತಿಳಿಯುತ್ತಿತ್ತು.

ಅದೇ ಟ್ಯಾಂಕ್ ಆಟದಲ್ಲಿ ನಮ್ಮದೇ ನಕ್ಷೆ ಬರೆಯಲು ಜಾಗವಿತ್ತು. ಅಡ್ಡ ಹದಿಮೂರು, ಉದ್ದ ಹದಿಮೂರು ಮನೆ. ಇಟ್ಟಿಗೆ, ಉಕ್ಕು, ಪೊದೆ, ನೀರು, ಮಂಜು, ಯಾವುದನ್ನಾದರೂ ತುಂಬಬಹುದು. ಮಮದಾಪುರದ ಹುಡುಗರು ಏನು ಬರೆದಾರು? ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್ ಶಾಹನೇ ಕಟ್ಟಿಸಿದ ಕೆರೆ ಊರಿಗೆ ತಾಗಿಯೇ ಇದೆ. ನಡುವೆ ನೀರು ತುಂಬಿ, ಸುತ್ತ ಉಕ್ಕಿನ ಏರಿ ಹಾಕಿ, ಒಂದು ಮೂಲೆಯಲ್ಲಿ ಕೋಡಿ ಬಿಡುತ್ತಿದ್ದೆವು. ನೀರಿನ ಮೇಲೆ ಟ್ಯಾಂಕು ಹೋಗುವುದಿಲ್ಲ, ಗುಂಡು ಹಾಯುತ್ತದೆ, ಹಾಗಾಗಿ ಕೆರೆಯಾಚೆಯ ವೈರಿಯನ್ನು ಈಚೆ ದಡದಿಂದಲೇ ಹೊಡೆಯಬಹುದಿತ್ತು. ಏರಿ ಯಾವ ಕಡೆ ಸೊಟ್ಟಗಿದೆ, ಕೋಡಿ ಎಲ್ಲಿ ಬರಬೇಕು ಎಂದು ವಾದ ಬಿದ್ದು, ಒಬ್ಬನನ್ನು ಓಡಿಸಿ ನೋಡಿಕೊಂಡು ಬರಲು ಕಳಿಸಿದ್ದೂ ಉಂಟು. ಆ ಉರಿಬಿಸಿಲಲ್ಲಿ ಅವನು ನಿಜವಾಗಿ ಏರಿಯವರೆಗೆ ಹೋದನೋ, ಬೇವಿನ ನೆರಳಲ್ಲಿ ನಿಂತು ಬಂದನೋ ದೇವರಿಗೇ ಗೊತ್ತು. ಸ್ವಿಚ್ ಆರಿಸಿದರೆ ಕೆರೆ ಮಾಯ, ಮರುದಿನ ಮತ್ತೆ ಕಟ್ಟಬೇಕು. ನಮ್ಮೂರಿನ ನಕ್ಷೆಯನ್ನು ನಾನು ಮೊದಲು ಬರೆದದ್ದು ಸಾಲಿಯ ಪಾಟಿಯ ಮೇಲಲ್ಲ, ಈ ಪರದೇಶದ ಆಟದಲ್ಲಿ.

ಆಟ ಬಹಳ ಕಠಿಣ, ಈಗಿನ ಮಕ್ಕಳಿಗೆ ತಾಳ್ಮೆಯಿಲ್ಲ ಎಂಬ ದೂರಿಗೆ ಹೆಚ್ಚು ಮಾತು ಬೇಡ. ಕಠಿಣವಾಗಿದ್ದು ಗಿಡ್ಡವಾಗಿರುವುದಕ್ಕೆ. ಪಳಗಿದವರು ಅಡ್ಡದಾರಿ ಹಿಡಿದು ಮಾರಿಯೋವನ್ನು ಐದು ನಿಮಿಷದೊಳಗೆ ಮುಗಿಸುತ್ತಾರೆ. 40 ಕಿಲೋಬೈಟಿನ ಆಟ ಬೇಸಿಗೆ ರಜೆಯ ಪೂರ್ತಿ ಬಾಳಬೇಕಾದರೆ ಅದು ಆಟಗಾರನನ್ನು ಸತಾಯಿಸಲೇಬೇಕು. ತಾಳ್ಮೆಯಿಲ್ಲದ ಮಕ್ಕಳನ್ನೂ ನಾನು ಕಂಡಿಲ್ಲ. ಅಳಿಯನ ಓರಗೆಯವರು ಒಂದೇ ಕುಣಿಗೆ ಹತ್ತಾರು ಸಲ ಬಿದ್ದು, ಬೈದುಕೊಂಡು, ಮತ್ತೆ ರಿಮೋಟ್ ಕೇಳುತ್ತಾರೆ.

ಇನ್ನು ಹಳೇ ಯಂತ್ರದ ಗೇಮನ್ನು ಮೊಬೈಲಿನಲ್ಲೇ ಆಡಿಸುವ ಎಮ್ಯುಲೇಟರ್ ಇರುವಾಗ ಆ ಭಾರದ ಟಿವಿ ಯಾಕೆ ಎಂಬ ಪ್ರಶ್ನೆ. ಆಡುವುದೇ ಮುಖ್ಯವಾದವರಿಗೆ ಎಮ್ಯುಲೇಟರ್ ಸಾಕು, ಪ್ರಯಾಣದಲ್ಲಿ ನಾನೂ ಅದನ್ನೇ ಬಳಸುತ್ತೇನೆ. ಅಸಲಿ ಯಂತ್ರವಿಲ್ಲದೆ ಆಡುವುದು ಪಾಪ ಎನ್ನುವ ಮಡಿವಂತರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಬಾತುಕೋಳಿ ಆಟ ತೆಗೆಯಿರಿ ನೋಡೋಣ. 1984ರ ಡಕ್ ಹಂಟ್. ಅದರ ಪಿಸ್ತೂಲಿನಿಂದ ಏನೂ ಹೊರಡುವುದಿಲ್ಲ, ಅದರ ಮೂತಿಯಲ್ಲಿ ಇರುವುದು ಬೆಳಕನ್ನು ಗುರುತಿಸುವ ಒಂದು ಕಣ್ಣು. ಕುದುರೆ ಎಳೆದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ, ಮರುಕ್ಷಣ ಬಾತು ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಪಿಸ್ತೂಲಿನ ಕಣ್ಣಿಗೆ ಮೊದಲು ಕತ್ತಲೆ, ಆಮೇಲೆ ಬೆಳಕು ಕಂಡರೆ ಏಟು ಬಿತ್ತೆಂದು ಲೆಕ್ಕ. ಎರಡು ಬಾತು ಇದ್ದರೆ ಒಂದಾದ ಮೇಲೊಂದು ಚೌಕ. ಉರಿಯುವ ಬಲ್ಬಿಗೆ ಗುರಿಯಿಟ್ಟರೆ ಎಲ್ಲ ಬಾತೂ ಸಾಯುತ್ತವೆ ಎಂದು ಓಣಿಯ ಜಾಣರು ಹೇಳುತ್ತಿದ್ದರು. ಅಸಲಿ ಆಟದಲ್ಲಿ ಅದು ನಡೆಯದಿರುವುದು ನಡುವೆ ಬರುವ ಆ ಕತ್ತಲೆಯಿಂದ, ಬಲ್ಬು ಕಪ್ಪಾಗುವುದಿಲ್ಲವಲ್ಲ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಡಬ್ಬಾ ಟಿವಿಯಲ್ಲಿ ಚಿತ್ರ ಯಂತ್ರದಿಂದ ಬಂದ ಹಾಗೆಯೇ ಗಾಜಿನ ಮೇಲೆ ಬೀಳುವುದರಿಂದ ಲೆಕ್ಕ ಸರಿಹೋಗುತ್ತದೆ. ಈಗಿನ ಚಪ್ಪಟೆ ಟಿವಿ ಚಿತ್ರವನ್ನು ಒಳಗೆ ಹದಮಾಡಿ ತುಸು ತಡವಾಗಿ ತೋರಿಸುತ್ತದೆ, ಪಿಸ್ತೂಲು ಹುಡುಕುವ ಹೊತ್ತಿಗೆ ಬೆಳಕು ಬಂದಿರುವುದಿಲ್ಲ. ಎಷ್ಟೇ ಗುರಿಕಾರನಾದರೂ ಒಂದು ಬಾತೂ ಬೀಳುವುದಿಲ್ಲ. ದೋಸ್ತ ತನ್ನ ಐವತ್ತೈದು ಇಂಚಿನ ಟಿವಿಗೆ ಪಿಸ್ತೂಲು ಹಿಡಿದು ನಿಂತ ದಿನ ಆಟದೊಳಗಿನ ನಾಯಿ ಹುಲ್ಲಿನಿಂದೆದ್ದು ನಕ್ಕದ್ದೇ ನಕ್ಕದ್ದು. ಆವತ್ತಿನಿಂದ ಟಿವಿಯ ಭಾರದ ಬಗ್ಗೆ ಅವನು ಮಾತೆತ್ತಿಲ್ಲ.

ಅಂದಹಾಗೆ, ಕ್ಯಾಸೆಟ್ ಓಡದಿದ್ದರೆ ಬಾಯಿಂದ ಊದುವ ಸಂಪ್ರದಾಯವನ್ನು ಬಿಡಿ. ಉಗುಳಿನ ಪಸೆಗೆ ಒಳಗಿನ ಲೋಹ ಜಂಗು ಹಿಡಿಯುತ್ತದೆ, ನಿಂಟೆಂಡೊದವರೂ ಊದಬೇಡಿ ಎಂದೇ ಹೇಳಿದ್ದಾರೆ. ಗುಣ ಕಾಣುತ್ತಿದ್ದದ್ದು ತೆಗೆದು ಮತ್ತೆ ಸಿಕ್ಕಿಸುವುದರಿಂದ. ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ, ಚೂರನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕು.

ಕಡೆಯ ದೂರು ಇದು ರೊಕ್ಕ ಇದ್ದವರ ಹುಚ್ಚು ಎಂಬುದು. 2021ರ ಜುಲೈನಲ್ಲಿ ಅಮೆರಿಕದ ಹರಾಜೊಂದರಲ್ಲಿ ಸೀಲು ಒಡೆಯದ ಸೂಪರ್ ಮಾರಿಯೋ 64 ಕ್ಯಾಸೆಟ್ 15.6 ಲಕ್ಷ ಡಾಲರಿಗೆ ಹೋಯಿತು, ಅಂದರೆ ಆಗಿನ ಲೆಕ್ಕದಲ್ಲಿ ಹನ್ನೊಂದು ಕೋಟಿ ರೂಪಾಯಿಗೂ ಮೇಲೆ. ಈ ವಿಷಯದಲ್ಲಿ ನಾನು ದೂರುವವರ ಪಕ್ಷ. ಒಡೆದು ಆಡಿದರೆ ಬೆಲೆ ಬಿದ್ದುಹೋಗುವ ಕ್ಯಾಸೆಟ್ ಷೇರು ಪತ್ರಕ್ಕೆ ಸಮ, ಅದಕ್ಕೂ ಆಟಕ್ಕೂ ಸಂಬಂಧ ಕಡಿದುಹೋಗಿದೆ. ಇಂಥವರಿಂದಲೇ ಹಳೇ ಸಾಮಾನಿನ ದರ ಏರಿ, ಆಡುವವರ ಕೈಗೆ ಎಟುಕದಂತಾಗುತ್ತಿದೆ. ನಮ್ಮ ಕಡೆ ಮಾತ್ರ ಪುಣ್ಯಕ್ಕೆ ಯಾರಿಗೂ ಅದರ ಬೆಲೆ ಗೊತ್ತಿಲ್ಲ. ಅಟ್ಟದ ಮೇಲಿನ ಒನಿಡಾ, ಬಿಪಿಎಲ್ ಟಿವಿಗಳನ್ನು ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಹಾಕುತ್ತಾರೆ, ಅವನು ಹೊರಗೊಯ್ದು ಗಾಜು ಒಡೆದು ತಾಮ್ರ ಕೀಳುತ್ತಾನೆ. ಆ ಗಾಜಿನಲ್ಲಿ ಸೀಸವಿದೆ, ಮಕ್ಕಳು ಆಡುವ ಜಾಗದಲ್ಲಿ ಒಡೆಯಲು ಬಿಡಬೇಡಿ. ನೀವೇ ಬಿಚ್ಚಲೂ ಹೋಗಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಹೊಡೆತ ಉಳಿದಿರುತ್ತದೆ. ಬಬಲೇಶ್ವರ, ತಿಕೋಟಾ ಕಡೆ ಯಾರ ಮನೆಯಲ್ಲಾದರೂ ನಡೆಯುವ ಡಬ್ಬಾ ಟಿವಿ ಇದ್ದರೆ ಗುಜರಿಯವನಿಗಿಂತ ಮೊದಲು ನನಗೆ ಹೇಳಿ. ಅವನು ಕೊಡುವ ರೊಕ್ಕಕ್ಕಿಂತ ನೂರು ರೂಪಾಯಿ ಜಾಸ್ತಿ ಕೊಟ್ಟು, ಹೊರಲು ಅಳಿಯನನ್ನೂ ಕರೆದುಕೊಂಡು ಬರುತ್ತೇನೆ.